ಅಡಿಕೆ ತೋಟದ ಡೆಂಗಿ: ಹೇಳುವ ಕ್ರಮ ಬದಲಾಗ್ಬೇಕು

ಜೂನ್ ಬಂತು ಅಂದ್ರೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಪಂಚಾಯತ್ ಆಫೀಸಿನ ಗೋಡೆಯಲ್ಲಿ, ರೇಶನ್ ಅಂಗಡಿ ಬಾಗಿಲಲ್ಲಿ ಒಂದು ನೋಟೀಸು ಕಾಣ್ತದೆ, ಮನೆ ಸುತ್ತಮುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ ಅಂತ. ಇದನ್ನು ಓದಿದ ಅಡಿಕೆ ಕೃಷಿಕ ಏನು ಮಾಡ್ಬೇಕು? ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು, ತೋಟ ತುಂಬ ನೀರು ಹರಿಯುವ ಕಣಿ, ಮೇಲೆ ಗುಡ್ಡೆಯ ಸುರಂಗದಿಂದ ನೀರು ಬಂದು ಕೆರೆಗೆ ಬೀಳ್ತಾ ಉಂಟು, ನೀರು ಇಲ್ಲದ ಜಾಗ ಎಲ್ಲಿ ಹುಡುಕುದು? ಹಾಗಾಗಿ ಅವರು ಮನೆ ಎದುರಿನ ಚರಂಡಿ ಒಮ್ಮೆ ನೋಡ್ತಾರೆ, ಕೊಳಕು ನೀರು ಕಾಣುದಿಲ್ಲ, ನಮ್ಮಲ್ಲಿ ತೊಂದ್ರೆ ಇಲ್ಲ ಅಂತ ಸಮಾಧಾನ ಮಾಡಿಕೊಂಡು ಒಳಗೆ ಹೋಗ್ತಾರೆ. ಇದ್ರಲ್ಲಿ ಅವರ ತಪ್ಪಿಲ್ಲ, ಹೇಳಿದವರು ಸರಿಯಾಗಿ ಹೇಳ್ಲಿಲ್ಲ.

ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ನುಸಿಗೆ, ಅಂದ್ರೆ ಸೊಳ್ಳೆಗೆ, ಚರಂಡಿಯೂ ಬೇಡ, ಹರಿಯುವ ಕಣಿಯೂ ಬೇಡ. ಅದಕ್ಕೆ ಬೇಕಾದ್ದು ಸಣ್ಣ ಪಾತ್ರೆಯ ಹಾಗಿರುವ ಯಾವುದಾದ್ರೂ ಒಂದು ವಸ್ತು, ಅದ್ರಲ್ಲಿ ನಿಂತ ಒಂದಿಷ್ಟು ಮಳೆನೀರು. ನಮ್ಮ ತೋಟದಲ್ಲಿ ಅದು ಹಾಳೆ, ಅಡಿಕೆ ಸೋಗೆಯ ಬುಡದಲ್ಲಿ ದೋಣಿಯ ಹಾಗಿರುವ ಅಗಲ ಭಾಗ. ಒಂದು ಅಡಿಕೆ ಮರದಿಂದ ವರ್ಷಕ್ಕೆ ಆರೇಳು ಸೋಗೆ ಬೀಳ್ತದೆ, ಐನೂರು ಮರದ ಸಣ್ಣ ತೋಟ ಅಂದ್ರೂ ಮೂರು ಸಾವಿರ ಹಾಳೆ ಆಯ್ತು, ಮಳೆಗಾಲದಲ್ಲಿ ಬಿದ್ದದ್ರಲ್ಲಿ ಮಗುಚಿ ಬೀಳದ್ದೆಲ್ಲ ನುಸಿಗೆ ಹೆರಿಗೆ ಕೋಣೆ. ಮತ್ತೆ ರಬ್ಬರ್ ಗುಡ್ಡೆಯಲ್ಲಿ ಮಳೆಗೆ ಟ್ಯಾಪಿಂಗ್ ನಿಂತ ಮೇಲೆ ಬಾಯಿ ಮೇಲೆ ಮಾಡಿ ಬಿಟ್ಟ ಗೆರಟೆಗಳು, ಅಳಿಲು ಕೊರೆದು ಹಾಕಿದ ಕೊಕ್ಕೊ ಕಾಯಿಯ ಸಿಪ್ಪೆ, ಕಟ್ಟಿಗೆ ರಾಶಿಗೆ ಹೊದಿಸಿದ ಟರ್ಪಾಲಿನ ಮಡಿಕೆ, ಹಟ್ಟಿ ಹಿಂದೆ ಬಿದ್ದ ಹಳೇ ಬಕೆಟು, ಫ್ರಿಡ್ಜಿನ ಹಿಂದಿನ ಟ್ರೇ. ಪೇಟೆಯಲ್ಲಿ ಮನೆಯ ಒಳಗೇ ಇರುವುದು ಈಡಿಸ್ ಈಜಿಪ್ಟೈ, ನಮ್ಮ ತೋಟದ ನೆರಳಲ್ಲಿ ಜಾಸ್ತಿ ಇರುವುದು ಅದರ ತಂಗಿ ಈಡಿಸ್ ಅಲ್ಬೋಪಿಕ್ಟಸ್, ಕಪ್ಪು ಮೈಗೆ ಬಿಳಿ ಪಟ್ಟೆ, ಕಚ್ಚುದು ಹಗಲು ಹೊತ್ತಿಗೆ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು, ಅಂದ್ರೆ ನಾವು ಸರಿಯಾಗಿ ತೋಟದಲ್ಲಿ ಇರುವ ಹೊತ್ತಿಗೆ.

2006ರ ನಂತರ ಕೇರಳದಲ್ಲಿ ಚಿಕೂನ್‌ಗುನ್ಯ ಹಬ್ಬಿದ್ದನ್ನು ಯಾರೂ ಮರ್ತಿಲ್ಲ, ಗಂಟು ನೋವಲ್ಲಿ ತಿಂಗಳುಗಟ್ಟಲೆ ಒದ್ದಾಡಿದವರು ಪ್ರತಿ ಊರಲ್ಲೂ ಇದ್ದಾರೆ. ಆಗ ವೈರಸ್ಸಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು, ಎ226ವಿ ಅಂತ ಅದಕ್ಕೆ ಹೆಸ್ರು, ಅದ್ರಿಂದ ಆ ವೈರಸ್ಸು ಅಲ್ಬೋಪಿಕ್ಟಸ್‌ನ ಹೊಟ್ಟೆಯಲ್ಲಿ ಸುಲಭವಾಗಿ ಬೆಳೀಲಿಕ್ಕೆ ಶುರುವಾಯ್ತು. ಅಂದ್ರೆ ತೋಟದ ನುಸಿ ಪೇಟೆ ನುಸಿಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಅಪಾಯ ಅಂತಾಯ್ತು. ಈ ವಿಷಯ ವಿಜ್ಞಾನಿಗಳಿಗೆ ಗೊತ್ತಾಗಿ ಹದಿನೈದು ವರ್ಷ ಕಳೀತು, ಆದ್ರೆ ಗೋಡೆ ಮೇಲಿನ ಚಿತ್ರದಲ್ಲಿ ಈಗಲೂ ಇರುವುದು ಪೇಟೆಯ ಟಯರು ಮತ್ತು ಹೂವಿನ ಚಟ್ಟಿ!

ವಿಶ್ವ ಆರೋಗ್ಯ ಸಂಸ್ಥೆಯವರು ಕೋಂಬಿ ಅಂತ ಒಂದು ಕ್ರಮ ಹೇಳ್ತಾರೆ, ಅದರ ಸಾರ ನನಗೆ ಬಹಳ ಸರಿ ಕಾಣ್ತದೆ. ಪೋಸ್ಟರು, ಕರಪತ್ರ, ಮೈಕಿನ ಜೀಪು ಎಲ್ಲ ಆಮೇಲೆ, ಮೊದ್ಲು ಯಾರು, ಯಾವ ದಿನ, ಯಾವ ಕೆಲ್ಸ ಮಾಡ್ಬೇಕು ಅಂತ ಖಚಿತ ಮಾಡಿಕೊಳ್ಳಿ ಅಂತ. "ನೀರು ನಿಲ್ಲಿಸ್ಬೇಡಿ" ಅಂದ್ರೆ ಅದು ಕೆಲ್ಸ ಅಲ್ಲ. "ಅಕ್ಕಾ, ಆದಿತ್ಯವಾರ ಬೆಳಿಗ್ಗೆ ಮನೆಯಿಂದ ನೂರಿನ್ನೂರು ಹೆಜ್ಜೆ ಒಳಗಿನ ಹಾಳೆ ಎಲ್ಲ ಹೆಕ್ಕಿ ಕೊಟ್ಟಿಗೆಯೊಳಗೆ ಹಾಕಿ, ಆಗದಿದ್ರೆ ಕತ್ತಿಯಲ್ಲಿ ಒಂದು ಗೀರು ಎಳೀರಿ, ನೀರು ನಿಲ್ಲುದಿಲ್ಲ" ಅಂದ್ರೆ ಅದು ಕೆಲ್ಸ. ವಾರಕ್ಕೊಮ್ಮೆ ಯಾಕೆ ಅಂತಲೂ ಹೇಳ್ಬೇಕು, ಮೊಟ್ಟೆಯಿಂದ ಹಾರುವ ನುಸಿ ಆಗ್ಲಿಕ್ಕೆ ನಮ್ಮ ಸೆಕೆಗೆ ಏಳರಿಂದ ಹತ್ತು ದಿನ ಸಾಕು, ವಾರಕ್ಕೊಮ್ಮೆ ಚೆಲ್ಲಿದ್ರೆ ಮರಿ ಮರಿಯಾಗಿಯೇ ಸಾಯ್ತದೆ. ಕೇರಳದಲ್ಲಿ ಶುಕ್ರವಾರ ಶಾಲೆ, ಶನಿವಾರ ಆಫೀಸು, ಆದಿತ್ಯವಾರ ಮನೆ ಅಂತ ಡ್ರೈ ಡೇ, ಅಂದ್ರೆ ನಿಂತ ನೀರು ಚೆಲ್ಲುವ ದಿನ, ಇಟ್ಟದ್ದು ಇದೇ ಲೆಕ್ಕದಲ್ಲಿ, ಆದ್ರೆ ಲೆಕ್ಕ ಹೇಳದೆ ಬರೇ ದಿನ ಹೇಳಿದ್ರೆ ಯಾರು ಕೇಳ್ತಾರೆ. ಮತ್ತೆ ಈ ನುಸಿ ಮೊಟ್ಟೆ ಅಂಟಿಸುದು ಪಾತ್ರೆಯ ಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅದು ಒಣಗಿದ್ರೂ ತಿಂಗಳುಗಟ್ಟಲೆ ಜೀವ ಹಿಡ್ಕೊಂಡು ಇರ್ತದೆ, ಆದ್ದರಿಂದ ಡ್ರಮ್ಮಿನ ನೀರು ಚೆಲ್ಲಿದ್ರೆ ಸಾಲದು, ಒಳಗೆ ಉಜ್ಜಬೇಕು.

ನಮ್ಮವರಿಗೆ ಮುಂಜಾಗ್ರತೆ ಅಂದ್ರೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಅಡಿಕೆಯ ಮಹಾಳಿ (ಕೊಳೆ) ರೋಗಕ್ಕೆ ಕಾಯಿ ಉದುರ್ಲಿಕ್ಕೆ ಶುರುವಾದ ಮೇಲೆ ಯಾರಾದ್ರೂ ಮದ್ದು ಬಿಡ್ತಾರಾ? ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ತಂದು, ಜನ ಗೊತ್ತು ಮಾಡಿ ಮೊದಲ ಸಲದ ಮದ್ದು ಮುಗಿಸ್ತಾರೆ, ಮತ್ತೆ ನಲುವತ್ತು ನಲುವತ್ತೈದು ದಿನ ಲೆಕ್ಕ ಹಾಕಿ ಎರಡನೇದ್ದು. ಡೆಂಗಿಯ ಮಾತನ್ನೂ ಆ ಕ್ಯಾಲೆಂಡರಿನಲ್ಲೇ ಸೇರಿಸ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೇ ಕೊನೆಗೆ ಬರುವ ಪತ್ತನಾಜೆ ಕಳಿಯುವ ಒಳಗೆ ತೋಟದ ಹಾಳೆ ಹೆಕ್ಕಿ ಆಗ್ಬೇಕು, ಮದ್ದು ಬಿಡುವ ದಿನ ಬಂದ ಜನವೇ ಹೋಗುವ ದಾರಿಯ ಹಾಳೆ ಮಗುಚಿ ಹಾಕ್ಬೇಕು. ಜುಲೈಯಲ್ಲಿ ಆಸ್ಪತ್ರೆ ವಾರ್ಡು ತುಂಬಿದ ಮೇಲೆ ಜೀಪಿನಲ್ಲಿ ಮೈಕು ಕಟ್ಟಿ ಬಂದ್ರೆ ತಡ ಆಯ್ತು.

ಮಾತಿಗಿಂತ ತೋರಿಸುದಕ್ಕೆ ಬಲ ಜಾಸ್ತಿ. ಆಶಾ ಕಾರ್ಯಕರ್ತೆ ಒಂದು ಬಿಳಿ ಬಸಿಯಲ್ಲಿ ಆ ಮನೆಯದ್ದೇ ಹಾಳೆಯ ನೀರು ಹೊಯ್ದು, ಬಗ್ಗಿ ಬಗ್ಗಿ ಈಜುವ ಮರಿಗಳನ್ನು ಅಜ್ಜಿಗೆ, ಮಕ್ಕಳಿಗೆ ತೋರಿಸಿದ್ರೆ ಮತ್ತೆ ಕರಪತ್ರವೇ ಬೇಡ. ಇದು ಬರೇ ಊಹೆ ಅಲ್ಲ, ಮೆಕ್ಸಿಕೊ ಮತ್ತು ನಿಕರಾಗುವದಲ್ಲಿ ಕಮಿನೊ ವೆರ್ದೆ ಅಂತ ದೊಡ್ಡ ಅಧ್ಯಯನ ಮಾಡಿದ್ರು, 2015ರಲ್ಲಿ ಪ್ರಕಟ ಆಯ್ತು, ಊರವರಿಗೆ ಅವರದ್ದೇ ಮನೆಯ ಮಾಹಿತಿ ತೋರಿಸಿ ಏನು ಮಾಡುದು ಅಂತ ಅವರೇ ತೀರ್ಮಾನ ಮಾಡ್ಲಿಕ್ಕೆ ಬಿಟ್ರು, ಹೊಸ ರಾಸಾಯನಿಕ ಏನೂ ಇಲ್ಲ, ಮಕ್ಕಳಲ್ಲಿ ಡೆಂಗಿ ಸೋಂಕು ಸುಮಾರು ಶೇ 30ರಷ್ಟು ಕಡಿಮೆ ಆಯ್ತು.

ಹೇಳುವವರಿಗೆ ಆ ಮನೆಯ ಮಾತು ಬರ್ಬೇಕು. ಮಲಯಾಳದ ನೋಟೀಸು ಪೆರ್ಲದ ಒಳಗಿನ ತುಳು, ಹವ್ಯಕ, ಮರಾಟಿ ಮನೆಗಳ ಹಿರಿಯ ಹೆಂಗಸರಿಗೆ ಓದ್ಲಿಕ್ಕೆ ಆಗುದಿಲ್ಲ, ತೋಟ ಗುಡಿಸುದು ಅವರೇ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯದ್ದು. ಇಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ, 2000ದ ವರೆಗೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ್ರು. ಎಣ್ಮಕಜೆ, ಬೆಳ್ಳೂರು ಕಡೆಯ ತಾಯಂದಿರು ಅನುಭವಿಸಿದ್ದು ಅನುಭವಿಸಿ ಆದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೀತು. ಆ ಊರಿಗೆ ಒಂದು ದಿನ ಹೇಳದೆ ಕೇಳದೆ ಫಾಗಿಂಗ್ ಮೆಶಿನ್ ಹೊತ್ತುಕೊಂಡು ಹೊಗೆ ಬಿಡ್ಲಿಕ್ಕೆ ಬಂದ್ರೆ ಜನ ಬಾಗಿಲು ಹಾಕದೆ ಏನು ಮಾಡ್ತಾರೆ? ಆ ಹೆದರಿಕೆಯನ್ನು ಅಜ್ಞಾನ ಅನ್ನಬಾರದು. ಹಿಂದಿನ ದಿನವೇ ಬಂದು ಯಾವ ಮದ್ದು, ಯಾಕೆ, ಎಷ್ಟು ಹೊತ್ತು, ಬಾವಿ ಮುಚ್ಚಬೇಕಾ, ದನ ಎಲ್ಲಿ ಕಟ್ಟಬೇಕು ಅಂತ ಕೂತು ಮಾತಾಡ್ಬೇಕು. ಹೊಗೆಗೆ ಸಾಯುದು ಆಗ ಹಾರಾಡುವ ನುಸಿ ಮಾತ್ರ, ಹಾಳೆಯೊಳಗಿನ ಮರಿಗೆ ಏನೂ ಆಗುದಿಲ್ಲ, ಇದನ್ನೂ ಮುಚ್ಚಿಡದೆ ಹೇಳ್ಬೇಕು.

ಜ್ವರ ಬಂದ ಮೇಲೆ ಹೇಳ್ಬೇಕಾದ ಮಾತು ಇನ್ನೂ ಮುಖ್ಯ, ಜೀವದ ಪ್ರಶ್ನೆ ಅದು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗ ಅಲ್ಲ, ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುವಾಗ. ರಕ್ತನಾಳದಿಂದ ದ್ರವ ಸೋರ್ಲಿಕ್ಕೆ ಶುರುವಾಗುದು ಆಗಲೇ, ನಾವು ಮಾತ್ರ ಜ್ವರ ಬಿಟ್ಟಿತು ಅಂತ ಎದ್ದು ತೋಟಕ್ಕೆ ಹೋಗುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು, ಇದ್ರಲ್ಲಿ ಒಂದು ಕಂಡ್ರೂ ಆಸ್ಪತ್ರೆಗೆ ಹೋಗ್ಬೇಕು, ರಾತ್ರಿ ಆದ್ರೂ ಸರಿ. ಮೈಕೈ ನೋವಿಗೆ ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್ ತಂದು ನುಂಗ್ಬಾರದು, ರಕ್ತಸ್ರಾವ ಜಾಸ್ತಿ ಆಗ್ತದೆ, ಪ್ಯಾರಸಿಟಮಾಲ್ ಡಾಕ್ಟ್ರು ಹೇಳಿದಷ್ಟು ಮಾತ್ರ. ರೋಗಿ ಹಗಲು ಮಲಗಿದ್ರೂ ಸೊಳ್ಳೆಪರದೆ ಕಟ್ಟಿ, ಮೊದಲ ಐದಾರು ದಿನ ಅವರನ್ನು ಕಚ್ಚಿದ ನುಸಿಯೇ ಮುಂದೆ ಮನೆಯವರಿಗೆ ದಾಟಿಸುದು.

ಕಡೆಗೆ ಉಳಿಯುವುದು ಬೀಗ ಹಾಕಿದ ಮನೆಗಳು. ಯಜಮಾನ್ರು ಬೆಂಗಳೂರಲ್ಲೋ ಗಲ್ಫಿನಲ್ಲೋ, ತೋಟ ಇನ್ಯಾರಿಗೋ ಗೇಣಿಗೆ, ಹಾಳೆ ಬಿದ್ದಲ್ಲೇ. ಈಡಿಸ್ ನುಸಿ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಹಾರುದು ಅಷ್ಟೇ, ಆದ್ರೆ ಪಕ್ಕದ ಮನೆಗೆ ಅಷ್ಟು ಸಾಕು. ಆ ಯಜಮಾನ್ರಿಗೆ ವಾರ್ಡ್ ಮೆಂಬರು ಮೇ ತಿಂಗಳಲ್ಲೇ ಫೋನು ಮಾಡಿ ಮಾತಾಡ್ಬೇಕು, ಗೇಣಿ ಕಾಗದ ಬರೆಯುವಾಗ ಫಸಲಿನ ಲೆಕ್ಕದ ಜೊತೆಗೆ ಮಳೆಗಾಲದಲ್ಲಿ ಹಾಳೆ ಹೆಕ್ಕುವ ಜವಾಬ್ದಾರಿ ಯಾರದ್ದು ಅಂತಲೂ ಒಂದು ಸಾಲು ಬರೆಸ್ಬೇಕು.