ಬಾಕಿ ಉಳಿದದ್ದು ಧರ್ಮಕ್ಕೆ

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ವೀಲುನಾಮೆ ಸಿಕ್ಕಿತು. ಎರಡು ಹಾಳೆ, ಕೈಬರಹ, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ. ತೋಟ ಯಾರಿಗೆ, ಮನೆ ಯಾರಿಗೆ, ದೊಡ್ಡಮ್ಮನ ಖರ್ಚಿಗೆ ಏನು ಎಂದೆಲ್ಲ ಬಿಡಿಸಿ ಬರೆದಿದ್ದರು. ಹಿತ್ತಲಿನ ಎರಡು ಹಲಸಿನ ಮರಗಳ ಫಲ ಯಾರಿಗೆ ಎಂಬುದೂ ಇತ್ತು. ಕೊನೆಯ ಸಾಲು ಮಾತ್ರ ಮೂರೇ ಶಬ್ದ: ‘ಬಾಕಿ ಉಳಿದದ್ದು ಧರ್ಮಕ್ಕೆ.’

ಬಾಕಿ ಅಂದರೆ ಬ್ಯಾಂಕಿನಲ್ಲಿದ್ದ ಡೆಪಾಸಿಟ್ಟು. ಆದರೆ ಯಾವ ಧರ್ಮಕ್ಕೆ? ದೇವಸ್ಥಾನದ ಬ್ರಹ್ಮಕಲಶಕ್ಕೆ ಎಂದ ದೊಡ್ಡ ಮಗ. ಅಪ್ಪ ಕಲಿತ ಶಾಲೆಗೆ ಎಂದಳು ಮಗಳು. ಅನ್ನದಾನಕ್ಕಿಂತ ದೊಡ್ಡ ಧರ್ಮ ಯಾವುದಿದೆ ಎಂದ ಚಿಕ್ಕವನು. ಒಂದು ವರ್ಷ ಇದೇ ಚರ್ಚೆ. ಕೊನೆಗೆ ಒಬ್ಬ ವಕೀಲರು ಕನ್ನಡಕ ತೆಗೆದಿಟ್ಟು, ಈ ಸಾಲು ನಿಲ್ಲುವುದಿಲ್ಲ ಎಂದರು. ಹಣ ದೊಡ್ಡಮ್ಮನೂ ಸೇರಿ ನಾಲ್ವರ ಖಾತೆಗೆ ಸಮನಾಗಿ ಹೋಯಿತು. ಅವರಲ್ಲಿ ಯಾರೂ ದುರಾಸೆಯವರಲ್ಲ, ಹೇಳಬೇಕಲ್ವಾ.

ವಕೀಲರು ಹೇಳಿದ್ದಕ್ಕೆ ನೂರು ವರ್ಷಕ್ಕೂ ಹಳೆಯ ಆಧಾರ ಇದೆ. 1899ರಲ್ಲಿ ಮುಂಬಯಿಯ ಒಂದು ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ನಮಗೆ ಆಗಿನ ಕೊನೆಯ ಮೇಲ್ಮನವಿಯ ಕೋರ್ಟಿನ ತನಕ ಹೋಯಿತು. ಅಲ್ಲೂ ಉಯಿಲಿನಲ್ಲಿ ಆಸ್ತಿಯನ್ನು ‘ಧರ್ಮ’ಕ್ಕೆ ಬಿಟ್ಟಿದ್ದರು. ನ್ಯಾಯಾಧೀಶರು ನಿಘಂಟು ತೆಗೆದು ನೋಡಿದರು. ಕಾನೂನು, ಸದ್ಗುಣ, ಕರ್ತವ್ಯ ಎಂದೆಲ್ಲ ಅರ್ಥ ಸಿಕ್ಕಿತು. ಇಷ್ಟು ಅಗಲದ ಶಬ್ದವನ್ನು ಕೋರ್ಟು ಜಾರಿ ಮಾಡುವುದು ಹೇಗೆ ಎಂದು ಆ ದಾನವನ್ನೇ ರದ್ದು ಮಾಡಿದರು. ಧರ್ಮಾಸ್ಪತ್ರೆ, ಧರ್ಮಛತ್ರ ಎಂದು ದಿನಾ ಹೇಳುವ ನಮಗೆ ಅದರಲ್ಲಿ ಗೊಂದಲವೇ ಕಾಣುವುದಿಲ್ಲ. ಆದರೆ ನಮ್ಮ ಮನೆಯಲ್ಲೇ ಮೂವರಿಗೆ ಮೂರು ಧರ್ಮ ಕಂಡಿತ್ತಲ್ಲ. ಲಂಡನ್ನಿನವರನ್ನು ಬೈದು ಪ್ರಯೋಜನವಿಲ್ಲ.

ಸತ್ತ ಮೇಲೆ ದಾನ ಕೊಡುವುದು ಎಂಬ ಯೋಚನೆಯೇ ನಮ್ಮ ಹಳೆಯ ಹಿಂದೂ ಶಾಸ್ತ್ರಗಳಲ್ಲಿ ಇರಲಿಲ್ಲ. ಕೊಡುವುದಿದ್ದರೆ ಬದುಕಿರುವಾಗಲೇ ನೀರು ಬಿಟ್ಟು ಕೊಡಬೇಕು. ಅರಸರೂ ಊರ ಧನಿಗಳೂ ಮಾಡಿದ್ದು ಅದನ್ನೇ. ಕಲ್ಲಿನಲ್ಲೋ ತಾಮ್ರದಲ್ಲೋ ಕೆತ್ತಿಸಿದರು, ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದರು. ಆದರೂ ಒಂದು ಹೆದರಿಕೆ ಇತ್ತು. ನಾನು ಹೋದ ಮೇಲೆ ಮಕ್ಕಳು ವಾಪಸು ಕಿತ್ತುಕೊಂಡರೆ? ಅದಕ್ಕೇ ಶಾಸನದ ಕೊನೆಗೆ ಶಾಪ. ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ, ಷಷ್ಟಿವರ್ಷಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ.’ ತಾನೇ ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ಆ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಉಯಿಲು ಜಾರಿ ಮಾಡುವವನನ್ನು ಈಗ ನಾವು ಎಕ್ಸಿಕ್ಯೂಟರ್ ಎನ್ನುತ್ತೇವೆ. ಆಗ ಆ ಕೆಲಸ ಈ ಹುಳುವಿನದ್ದು. ಇನ್ನೊಂದು ಶ್ಲೋಕವೂ ಶಾಸನಗಳಲ್ಲಿ ಬರುತ್ತದೆ: ಕೊಡುವುದಕ್ಕಿಂತ, ಕೊಟ್ಟದ್ದನ್ನು ಉಳಿಸಿಕೊಂಡು ಬರುವುದು ಮೇಲು. ಉಯಿಲಿನ ದಾನದ ಕಥೆಯೆಲ್ಲ ಈ ಎರಡನೇ ಕೆಲಸದ್ದೇ.

ಉಯಿಲು ಬಂದದ್ದು ಇಂಗ್ಲಿಷರ ಜೊತೆ, ಅದೂ ಮೊದಲು ಪಟ್ಟಣಗಳಿಗೆ. ನಮ್ಮ ಕಾಸರಗೋಡು ಮುಂದೆ ಅವರ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಯಿತು. ಆ ಮದ್ರಾಸಿನಲ್ಲಿ ಪಚ್ಚಯಪ್ಪ ಮೊದಲಿಯಾರ್ ಎಂಬ ದುಬಾಷಿ (ಇಂಗ್ಲಿಷರ ವ್ಯವಹಾರಕ್ಕೆ ನಡುವೆ ನಿಲ್ಲುವ ಮಧ್ಯವರ್ತಿ) 1794ರಲ್ಲಿ ತೀರಿಕೊಂಡರು. ದೇವಸ್ಥಾನಗಳಿಗೆ, ಧರ್ಮಕಾರ್ಯಗಳಿಗೆ ಎಂದು ಉಯಿಲು ಬರೆದಿಟ್ಟಿದ್ದರು. ಹಣ ದಶಕಗಟ್ಟಲೆ ಸಿಕ್ಕಿಬಿದ್ದಿತು. ಕೋರ್ಟು ನಡುವೆ ಬಂದು ಒಂದು ಯೋಜನೆ ಹಾಕುವ ಹೊತ್ತಿಗೆ ಬಡ್ಡಿ ಬೆಳೆದು ಮೊತ್ತ ದೊಡ್ಡದಾಗಿತ್ತು. ದೇವಸ್ಥಾನದ ಪಾಲು ತೆಗೆದಿಟ್ಟು ಉಳಿದದ್ದನ್ನು ವಿದ್ಯೆಗೆ ಹಾಕಿದರು. 1842ರಲ್ಲಿ ಶಾಲೆ ತೆರೆಯಿತು. ಅದೇ ಮುಂದೆ ಪಚ್ಚಯಪ್ಪ ಕಾಲೇಜು. ತಡವಾದದ್ದರಿಂದಲೇ ಲಾಭವಾದ ಅಪರೂಪದ ಪ್ರಕರಣ ಇದು.

1870ರಲ್ಲಿ ಹಿಂದೂಗಳ ಉಯಿಲಿಗೆ ಕಾನೂನು ಬಂತು. ಬಂಗಾಳಕ್ಕೆ, ಮದ್ರಾಸ್ ಮತ್ತು ಮುಂಬಯಿ ನಗರಗಳಿಗೆ ಮಾತ್ರ. ಹಾಗಾಗಿ ನಮ್ಮ ಕಡೆಯ ಹಿಂದೂಗಳಲ್ಲಿ ಹೆಚ್ಚಿನವರು 1926ರ ಕೊನೆಯ ತನಕ ಬಾಯಿಮಾತಿನಲ್ಲೇ ಉಯಿಲು ಮಾಡಬಹುದಿತ್ತು. ಬರಹ, ಸಹಿ, ಇಬ್ಬರು ಸಾಕ್ಷಿಗಳು ಕಡ್ಡಾಯವಾದದ್ದು 1927ರ ಜನವರಿ 1ರಿಂದ. ಅದಕ್ಕೆ ಮೊದಲು ಸಾಯುವ ಹೊತ್ತಿನಲ್ಲಿ ‘ಆ ಗದ್ದೆಯ ಒಂದು ಮುಡಿ ಅಕ್ಕಿ ದೀಪಕ್ಕೆ’ ಎಂದರೆ, ಕೇಳಿದವರ ನೆನಪೇ ದಾಖಲೆ. ಎಷ್ಟು ದೀಪ ಹೀಗೆ ಆರಿಹೋಯಿತೋ.

ತಾಯಿಯ ಕಡೆಯಿಂದ ವಂಶ ಎಣಿಸುವ ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದವರ ಲೆಕ್ಕ ಬೇರೆ. ಅವರಿಗೆಂದೇ, ಮಲಯಾಳದ ಕಡೆ ಇದೇ ಕ್ರಮ ಇದ್ದ ಮರುಮಕ್ಕತ್ತಾಯದವರನ್ನೂ ಸೇರಿಸಿ, 1898ರಲ್ಲಿ ಮಲಬಾರ್ ವಿಲ್ಸ್ ಆಕ್ಟ್ ಬಂದಿತ್ತು. ಸ್ವಂತ ಸಂಪಾದನೆಯನ್ನು ಬರೆದಿಡಬಹುದು. ಆದರೆ ಕುಟುಂಬದ ಆಸ್ತಿ? ಅದು ತಾಯಿಯ ಕಡೆಯಿಂದ ಹರಿದು ಬರುವುದು. ಯಜಮಾನ ನೋಡಿಕೊಳ್ಳುವವನು ಮಾತ್ರ. ‘ನನ್ನ ಪಾಲು ಶಾಲೆಗೆ’ ಎಂದು ಬರೆಯಲು ಪಾಲು ಎಂಬುದೇ ಕೈಯಲ್ಲಿ ಇರಲಿಲ್ಲ. ಈ ಗಂಟು ಬಿಚ್ಚಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 30ನೇ ಸೆಕ್ಷನ್ನಿನಲ್ಲಿ ತರವಾಡು, ಕುಟುಂಬ, ಕವರು (ಕುಟುಂಬದ ಕವಲು) ಎಂದು ನಮ್ಮ ಊರಿನ ಶಬ್ದಗಳೇ ಇವೆ. ಅಂಥ ಆಸ್ತಿಯಲ್ಲಿನ ಪಾಲನ್ನೂ ಉಯಿಲು ಮಾಡಬಹುದು ಎಂದಾಯಿತು. ಕಾಯ್ದೆ ಜೂನ್ 17ಕ್ಕೆ ಜಾರಿಗೆ ಬಂತು. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ವರ್ಷ, ಎರಡು ಬದಲಾವಣೆ. ಎರಡನೆಯದರ ಬಗ್ಗೆ ಇವತ್ತಿಗೂ ಮಾತಾಡುತ್ತೇವೆ, ಮೊದಲನೆಯದು ಯಾರಿಗೂ ನೆನಪಿಲ್ಲ.

ಮುಸ್ಲಿಮರ ವಸಿಯ್ಯತ್ತಿಗೆ ಬೇರೆ ಅಳತೆ. ಸಾಲ, ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲಿನ ತನಕ ಬರೆಯಬಹುದು. ಅದಕ್ಕಿಂತ ಜಾಸ್ತಿಯಾದರೆ ವಾರಸುದಾರರು ಒಪ್ಪಬೇಕು. ಮೂರನೇ ಒಂದು ಸಾಕು, ಅದೂ ಹೆಚ್ಚೇ ಎಂದು ಪ್ರವಾದಿಯವರು ಹೇಳಿದ ಹದೀಸೇ ಇದಕ್ಕೆ ಮೂಲ. ಅಂದ ಹಾಗೆ, ಮಲಯಾಳದಲ್ಲಿ ಉಯಿಲಿಗೆ ‘ಒಸ್ಯತ್ತ್’ ಎನ್ನುತ್ತಾರೆ. ಅದು ಈ ವಸಿಯ್ಯತ್ತೇ. ನಮ್ಮ ಕಚೇರಿಗಳಲ್ಲಿ ಯಾವ ಜಾತಿಯವರು ಹೋದರೂ ಆ ಶಬ್ದ ಕಿವಿಗೆ ಬೀಳುತ್ತದೆ.

ಜಾಸ್ತಿ ತೊಂದರೆ ಇದ್ದದ್ದು ಕ್ರೈಸ್ತರಿಗೆ. 1925ರ ಉತ್ತರಾಧಿಕಾರ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳೋ ಅವರಿಗಿಂತ ಹತ್ತಿರದ ಸಂಬಂಧಿಕರೋ ಇದ್ದವರು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ, ಸಾಯುವ ಒಂದು ವರ್ಷ ಮೊದಲೇ ಉಯಿಲು ಬರೆದಿರಬೇಕು. ಬರೆದು ಆರು ತಿಂಗಳೊಳಗೆ ಸರಕಾರ ಗೊತ್ತು ಮಾಡಿದ ಜಾಗದಲ್ಲಿ ಇಟ್ಟಿರಬೇಕು. ಸಾಯುವ ದಿನ ಯಾರಿಗೆ ಗೊತ್ತು? ಹನ್ನೊಂದನೇ ತಿಂಗಳಿಗೆ ತೀರಿಕೊಂಡರೆ ದಾನ ಬಿದ್ದುಹೋಯಿತು. ಇದರ ಬೇರು 1736ರ ಇಂಗ್ಲೆಂಡಿನ ಕಾನೂನಿನಲ್ಲಿದೆ. ಸಾಯುವವರ ಮಂಚದ ಹತ್ತಿರ ಪಾದ್ರಿ ಕೂತು ಆಸ್ತಿಯೆಲ್ಲ ಇಗರ್ಜಿಗೆ ಬರೆಸಿಕೊಂಡಾನು ಎಂಬ ಭಯ. ಇಂಗ್ಲೆಂಡು ತನ್ನ ಕಾನೂನನ್ನು 1960ರಲ್ಲಿ ತೆಗೆದುಹಾಕಿತು. ನಮ್ಮಲ್ಲಿ ಅದು ಉಳಿಯಿತು. ಹಿಂದೂಗಳಿಗಿಲ್ಲ, ಮುಸ್ಲಿಮರಿಗಿಲ್ಲ, ನಮ್ಮ ಮಂಜೇಶ್ವರದ, ಬೇಳದ ಕ್ರೈಸ್ತರಿಗೆ ಮಾತ್ರ ಯಾಕೆ? ಈ ಪ್ರಶ್ನೆ ಹಿಡಿದು ಕೇರಳದ ಒಬ್ಬ ಪಾದ್ರಿ, ಜಾನ್ ವಲ್ಲಮಟ್ಟಂ, ಸುಪ್ರೀಂ ಕೋರ್ಟಿಗೆ ಹೋದರು. 2003ರ ಜುಲೈಯಲ್ಲಿ ಕೋರ್ಟು ಆ ಸೆಕ್ಷನ್ನನ್ನೇ ಹೊಡೆದುಹಾಕಿತು.

ಇಷ್ಟೆಲ್ಲ ದಾಟಿ ದಾನವಾಗಿ ಹೋದದ್ದಾದರೂ ಏನು? ನಮ್ಮ ಕಡೆ ಹೆಚ್ಚಾಗಿ ಭೂಮಿ. ಗದ್ದೆ ಬಿಟ್ಟರೆ ಗೇಣಿ ಬರುತ್ತದೆ, ಗೇಣಿಯ ಅಕ್ಕಿಯಲ್ಲಿ ದೀಪ, ನೈವೇದ್ಯ, ವರ್ಷಕ್ಕೊಂದು ಊಟ. ಮೂಲಗೇಣಿ, ಚಾಲಗೇಣಿ ಎಂದು ಅಜ್ಜಂದಿರು ಹೇಳುತ್ತಿದ್ದ ಲೆಕ್ಕವೆಲ್ಲ ಅದೇ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿಪದ್ಧತಿ ನಿಂತಿತು, ಉಳುವವನು ಒಡೆಯನಾದ. ಅದು ನ್ಯಾಯವೇ. ನನ್ನ ಅನುಮಾನ ಅಲ್ಲಿಲ್ಲ. ಆದರೆ ಶಾಪಕ್ಕೂ ಬಗ್ಗದ ಒಂದು ಬದಲಾವಣೆ ಇದು. ಸಾರ್ವಜನಿಕ ಧರ್ಮಸಂಸ್ಥೆಗಳಿಗೆ ವರ್ಷಕ್ಕಿಷ್ಟು ಹಣ ಎಂದು ಸರಕಾರ ಏರ್ಪಾಡು ಮಾಡಿತು. ಅಕ್ಕಿಯ ಬೆಲೆಯ ಜೊತೆ ಅದು ಏರುವುದುಂಟೇ?

ಕಾಸರಗೋಡು ಪೇಟೆಗೆ ಹತ್ತಿರದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಭೂಮಿಯ ವಿಚಾರಕ್ಕೇ. 13 ನ್ಯಾಯಾಧೀಶರು 68 ದಿನ ಕೇಳಿದರು. 1973ರ ಏಪ್ರಿಲ್ 24ಕ್ಕೆ 7–6ರಲ್ಲಿ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪ ಮುಟ್ಟುವ ಹಾಗಿಲ್ಲ ಎಂದು ದೇಶಕ್ಕೆಲ್ಲ ಗೊತ್ತಾಯಿತು. ಮಠದ ಭೂಮಿ ವಾಪಸು ಬರಲಿಲ್ಲ. ದೆಹಲಿಯ ಲಾ ಕಾಲೇಜಿನ ಮಕ್ಕಳಿಗೆ ಎಡನೀರಿನ ಸ್ವಾಮಿಗಳ ಹೆಸರು ಬಾಯಿಪಾಠ. ಇದು ಒಂದು ಧರ್ಮಸಂಸ್ಥೆಯ ಗದ್ದೆಯ ಜಗಳ ಎಂಬುದು ಎಷ್ಟು ಜನರಿಗೆ ಗೊತ್ತೋ.

ಭೂಮಿ ಹೋದ ಮೇಲೆ ದಾನ ನಗದಿಗೆ ಇಳಿಯಿತು. ಈಗಿನ ರೂಪ ದತ್ತಿನಿಧಿ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಷ್ಟ್ರು ಪಟ್ಟಿ ಓದುತ್ತಿದ್ದರು: ದಿವಂಗತ ಇಂಥವರ ಸ್ಮರಣಾರ್ಥ, ಕನ್ನಡದಲ್ಲಿ ಅತಿ ಹೆಚ್ಚು ಅಂಕಕ್ಕೆ. ನನಗೂ ಒಮ್ಮೆ ಸಿಕ್ಕಿತ್ತು. ಬಿಳಿ ಲಕೋಟೆ, ಒಳಗೆ 75 ರೂಪಾಯಿ. ಆಗ ಅದಕ್ಕೆ ಎರಡು ಪುಸ್ತಕ ಬಂತು. ಮೊನ್ನೆ ಹೋದಾಗಲೂ ಅದೇ ಹೆಸರು ಓದಿದರು. ಹುಡುಗಿ ಲಕೋಟೆ ಬಿಚ್ಚಿ ನೋಡಿ ಅಮ್ಮನ ಕೈಗೆ ಕೊಟ್ಟಳು. 10,000 ರೂಪಾಯಿ ಇಟ್ಟರೆ ಶೇ. 6ರ ಹಾಗೆ ವರ್ಷಕ್ಕೆ 600. ಹತ್ತು ವರ್ಷ ಕಳೆದರೂ 600. ಅಸಲು ಮುಟ್ಟಬಾರದು ಎಂದು ಬರೆದವರು ಹಣವನ್ನು ಉಳಿಸಿದರು, ಬೆಲೆಯನ್ನಲ್ಲ. ಬಡ್ಡಿಯ ಒಂದು ಪಾಲನ್ನು ಅಸಲಿಗೇ ಸೇರಿಸಿ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಇನ್ನೊಂದು ಪ್ರಶ್ನೆ ನಮ್ಮ ಊರಿಗೆ ಜಾಸ್ತಿ ಹತ್ತಿರದ್ದು. ಕನ್ನಡ ಶಾಲೆಯ ಮಕ್ಕಳ ಊಟಕ್ಕೆ ಎಂದು ಒಬ್ಬರು ಬಿಟ್ಟರು ಅನ್ನಿ. ಈಗ ಊಟ ಸರಕಾರವೇ ಕೊಡುತ್ತದೆ. ಅಥವಾ ಕನ್ನಡ ಡಿವಿಜನ್ನೇ ಮುಚ್ಚಿತು. ಆಗ? ದಾನದ ಉದ್ದೇಶ ನಡೆಸಲಾಗದೆ ಹೋದರೆ ಅದಕ್ಕೆ ತೀರಾ ಹತ್ತಿರದ ಇನ್ನೊಂದು ಉದ್ದೇಶಕ್ಕೆ ಕೋರ್ಟು ತಿರುಗಿಸಬಹುದು. ಸಾರ್ವಜನಿಕ ಟ್ರಸ್ಟುಗಳಿಗೆ ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಸೆಕ್ಷನ್ ಇದೆ. ಆದರೆ ಒಂದು ಶಾಲೆಯ ಸಣ್ಣ ನಿಧಿಗೆ ಕೋರ್ಟಿಗೆ ಹೋಗುವವರು ಯಾರು? ಹಾಗಾಗಿ ‘ಇದು ಆಗದಿದ್ದರೆ ಅದಕ್ಕೆ’ ಎಂದು ಬರೆಯುವವನೇ ಬರೆದಿಡಬೇಕು. ಯಾರಿಗೆ ಎಂಬುದೂ ಸ್ಪಷ್ಟ ಇರಬೇಕು. ಎಂಡೋಸಲ್ಫಾನ್ ಪೀಡಿತ ಮಕ್ಕಳು ಹೋಗುವ ಬಡ್ಸ್ ಶಾಲೆಗೆ ಕೊಡಬೇಕೆಂದು ಮನಸ್ಸಾದರೆ, ಶಾಲೆಯನ್ನು ನಡೆಸುವುದು ಪಂಚಾಯತು. ಹೆಸರು ಅದರದ್ದೇ ಬೇಕು, ಉದ್ದೇಶ ಶಾಲೆಯದ್ದು.

ಸರಕಾರದಿಂದ ಇದಕ್ಕೆ ಪ್ರೋತ್ಸಾಹ ಏನೂ ಇಲ್ಲ. ಬ್ರಿಟನ್ನಿನಲ್ಲಿ ಆಸ್ತಿಯ ಶೇ. 10 ದಾನಕ್ಕೆ ಬಿಟ್ಟರೆ ವಾರಸು ತೆರಿಗೆ 40ರಿಂದ 36ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಅಂಥ ತೆರಿಗೆಯೇ 1985ರಲ್ಲಿ ಹೋಯಿತು. ಖರ್ಚೂ ಇಲ್ಲ ಅನ್ನಿ: ಉಯಿಲಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ರಿಜಿಸ್ಟರ್ ಮಾಡಿಸುವುದೂ ಕಡ್ಡಾಯವಲ್ಲ. ಬೇಕಿದ್ದರೆ ಲಕೋಟೆಗೆ ಮೊಹರು ಹಾಕಿ ಜಿಲ್ಲಾ ರಿಜಿಸ್ಟ್ರಾರರ ಹತ್ತಿರ ಇಡಬಹುದು. ಕಣ್ಣುದಾನವನ್ನು ಮಾತ್ರ ದಯವಿಟ್ಟು ಉಯಿಲಿನಲ್ಲಿ ಬರೆಯಬೇಡಿ. ಕಣ್ಣು ತೆಗೆಯಬೇಕಾದದ್ದು ಆರು ಗಂಟೆಯೊಳಗೆ. ಉಯಿಲು ಬಿಚ್ಚುವುದು ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ.

ಕಳೆದ ವರ್ಷ ನಾನೂ ಆಧಾರ (ದಸ್ತಾವೇಜು) ಬರೆಯುವವರ ಹತ್ತಿರ ಹೋದೆ. ಊರಿನ ಕನ್ನಡ ಗ್ರಂಥಾಲಯಕ್ಕೆ ಒಂದಿಷ್ಟು ಬಿಡುವ ಆಸೆ. ಕನ್ನಡದಲ್ಲೇ ಬರೆಯುತ್ತೇನೆ ಎಂದೆ. ಧಾರಾಳವಾಗಿ ಬರೆಯಿರಿ, ಆದರೆ ಭೂಮಿಯಿದ್ದರೆ ಮುಂದೆ ಪೋಕ್ಕುವರವಿಗೆ (ಖಾತೆ ಬದಲಾವಣೆಗೆ) ಹೋಗುವಾಗ ವಿಲ್ಲೇಜ್ ಆಫೀಸಿನಲ್ಲಿ ಮಲಯಾಳದ ಅನುವಾದ ಕೇಳಿಯಾರು ಎಂದರು. ಭೂಮಿಯಿಲ್ಲ, ಹಣ ಎಂದೆ. ಬ್ಯಾಂಕಿನಲ್ಲಿ ನಾಮಿನಿ ಯಾರು ಎಂದು ಕೇಳಿದರು. ಮಗ. ಹಾಗಾದರೆ ಅವನಿಗೆ ಈಗಲೇ ಹೇಳಿಡಿ, ನಾಮಿನಿ ಹಣ ತೆಗೆದುಕೊಡುವವನು ಮಾತ್ರ, ಒಡೆಯನಲ್ಲ ಎಂದರು. ಆಮೇಲೆ ಪೆನ್ನು ಎತ್ತಿ, ‘ಗ್ರಂಥಾಲಯದ ರಿಜಿಸ್ಟರ್ ಆದ ಹೆಸರು, ನಂಬರು?’

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ, ಒಂದು ಉಯಿಲಿಗೆ ಬೇಕಿತ್ತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: ‘ಅಯ್ಯೋ, ಯಾರು ತೀರಿಕೊಂಡದ್ದು?’