ಪ್ರಣಾಳಿಕೆಯಲ್ಲಿ ಶುಗರ್ ಮಾತ್ರೆ ಎಲ್ಲಿದೆ?

"ಸಾರ್, ಕಾರ್ಡ್ ಇದೆಯಲ್ಲ, ಈ ಮಾತ್ರೆಗೂ ನಡೆಯುತ್ತಾ?" ತಾಲ್ಲೂಕಿನ ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಯುವ ವೈದ್ಯನಾದ ನನಗೆ ಈ ಪ್ರಶ್ನೆ ತಪ್ಪಿದ ದಿನವಿಲ್ಲ. ನಡೆಯುವುದಿಲ್ಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಭರಿಸುತ್ತದೆ, ಆದರೆ ಅಡ್ಮಿಟ್ ಆದವರಿಗೆ. ಬಿಪಿ, ಶುಗರ್ ಇರುವವರು ತಿಂಗಳು ತಿಂಗಳೂ ನುಂಗಬೇಕಾದ ಮಾತ್ರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರಿ ಔಷಧಾಲಯದಲ್ಲಿ ಸ್ಟಾಕ್ ಇದ್ದರೆ ಸರಿ, ಇಲ್ಲದಿದ್ದರೆ ಹೊರಗಿನ ಮೆಡಿಕಲ್ ಶಾಪ್. ಕೂಲಿ ಸಿಗದ ತಿಂಗಳು ಮಾತ್ರೆ ನಿಂತುಹೋಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಮನುಷ್ಯನನ್ನು ಲಕ್ವ ಹೊಡೆದು ಎತ್ತಿಕೊಂಡು ಬರುತ್ತಾರೆ. ಆಗ ಕಾರ್ಡ್ ನಡೆಯುತ್ತದೆ.

ಆಪರೇಷನ್‌ಗಾಗಿ ಹೊಲ ಮಾರಬೇಕಾದ ಮನೆಗೆ ವಿಮೆ ದೊಡ್ಡ ಆಸರೆ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ಎರಡೂ ದೊಡ್ಡ ಪಕ್ಷಗಳ ಆರೋಗ್ಯದ ಮುಖ್ಯ ಭರವಸೆ ಇಲ್ಲಿಗೇ ನಿಂತಿತು. ಕಾಂಗ್ರೆಸ್ 25 ಲಕ್ಷದ ನಗದುರಹಿತ ವಿಮೆ ಎಂದಿತು. ಬಿಜೆಪಿ 70 ದಾಟಿದವರಿಗೆಲ್ಲ ಆಯುಷ್ಮಾನ್ ಎಂದಿತು, ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಅದನ್ನು ಜಾರಿಗೂ ತಂದಿತು. ಆರೋಗ್ಯವನ್ನು ಕಾನೂನಿನ ಹಕ್ಕಾಗಿಸುವ ಮಾತು 2019ರ ಕಾಂಗ್ರೆಸ್ ಪ್ರಣಾಳಿಕೆಯಲ್ಲಿತ್ತು, ಆದರೆ ಪ್ರಚಾರದ ಗದ್ದಲದಲ್ಲಿ ಅದನ್ನು ಕೇಳಿದವರು ಕಡಿಮೆ.

ಯೋಜನೆಗೂ ಹಕ್ಕಿಗೂ ಇರುವ ವ್ಯತ್ಯಾಸ ಒಂದೇ: ಸಿಗದಿದ್ದಾಗ ನೀವು ಯಾರನ್ನು ಕೇಳಬಹುದು? ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಯೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ವಾಪಸ್ ಕಳಿಸಿದವು. ಕೊನೆಗೆ ಅವರು ಕೈಯಿಂದ ಹಣ ಕಟ್ಟಿ ಖಾಸಗಿಯಲ್ಲಿ ಚಿಕಿತ್ಸೆ ಪಡೆದರು. ಇದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪರಿಹಾರವನ್ನೂ ಕೊಡಿಸಿತು. ಅದು ತುರ್ತು ಚಿಕಿತ್ಸೆಯ ಮಾತು. ಶುಗರ್ ಮಾತ್ರೆ ಸಿಗದ ನನ್ನ ರೋಗಿ ಹಿಡಿದುಕೊಳ್ಳಬಲ್ಲ ರಾಷ್ಟ್ರೀಯ ಆರೋಗ್ಯ ಹಕ್ಕಿನ ಕಾಯ್ದೆ ಇಲ್ಲ. 2015ರ ಕರಡು ಆರೋಗ್ಯ ನೀತಿಯಲ್ಲಿ ಅಂಥದ್ದೊಂದು ಪ್ರಸ್ತಾಪವಿತ್ತು, 2017ರ ನೀತಿಯಲ್ಲಿ ಅದು ಉಳಿಯಲಿಲ್ಲ. ಉಳಿದದ್ದು 2025ರೊಳಗೆ ಜಿಡಿಪಿಯ ಶೇ 2.5ರಷ್ಟು ಸರ್ಕಾರಿ ವೆಚ್ಚದ ಗುರಿ. 2021–22ರಲ್ಲಿ ಅದು ಶೇ 1.84 ಇತ್ತು. ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಸ್ವಂತ ಜೇಬಿನಿಂದಲೇ ಕೊಟ್ಟರು.

2023ರಲ್ಲಿ ರಾಜಸ್ಥಾನ ಆರೋಗ್ಯ ಹಕ್ಕು ಕಾಯ್ದೆ ತಂದಾಗ ನಮ್ಮ ವೃತ್ತಿಯವರೇ ಬೀದಿಗಿಳಿದರು. ತುರ್ತು ಚಿಕಿತ್ಸೆಯ ಬಿಲ್ ಕಟ್ಟುವವರು ಯಾರು ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕಾಗಿ ಕಾಯ್ದೆಯನ್ನೇ ವಾಪಸ್ ಪಡೆಯಿರಿ ಎಂದದ್ದು ವೈದ್ಯನಾಗಿ ನನಗೆ ನೋವು ತಂದಿತು.

ಆರೋಗ್ಯ ರಾಜ್ಯದ ವಿಷಯ, ನಮ್ಮನ್ನು ಕೇಳಬೇಡಿ ಎನ್ನುವ ಲೋಕಸಭಾ ಅಭ್ಯರ್ಥಿಗಳಿದ್ದಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ನೂರರಲ್ಲಿ 60 ರೂಪಾಯಿ ಕೇಂದ್ರದ್ದು ಎಂದು ಅವರಿಗೆ ನೆನಪಿಸಿ. ಆಮೇಲೆ ಕೇಳಿ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲವೆಂದರೆ ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಅಷ್ಟರವರೆಗೆ ಹೊರಗೆ ಕೊಂಡ ಮಾತ್ರೆಯ ದುಡ್ಡು ಯಾರು ಕೊಡುತ್ತಾರೆ?