ಆಮ್ಲಜನಕ ಕಡಿಮೆಯಿದ್ದಾಗ ಮಲಗುವುದಕ್ಕೂ ನಿಲ್ಲುವುದಕ್ಕೂ ಏನು ವ್ಯತ್ಯಾಸ?

ಮಲಗಿದ್ದವರು ಎದ್ದು ನಿಂತರೆ 500ರಿಂದ 700 ಮಿ.ಲೀ. ರಕ್ತ ಕಾಲು, ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗುವುದರಿಂದ ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತ) ಮೂರನೇ ಒಂದು ಭಾಗದಷ್ಟು ಕುಸಿಯುತ್ತದೆ. ಬಡಿತ ಏರಿದರೂ ನಷ್ಟ ಪೂರ್ತಿ ತುಂಬುವುದಿಲ್ಲ. ಕಾರ್ಡಿಯಾಕ್ ಔಟ್‌ಪುಟ್ (ನಿಮಿಷಕ್ಕೆ ಹೃದಯ ಹೊರದೂಡುವ ರಕ್ತ, ಅಂದರೆ ಹರಿವು) ಸುಮಾರು ಐದನೇ ಒಂದು ಭಾಗ ಕಡಿಮೆಯೇ.

ಆದರೆ ದೇಹದ ಬೇಡಿಕೆ ಹೆಚ್ಚುಕಡಿಮೆ ಅಷ್ಟೇ: ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕ. ಫಿಕ್ ಸೂತ್ರ ನೆನಪಿಸಿಕೊಳ್ಳಿ: ಬಳಕೆ = ಹರಿವು × (ಅಪಧಮನಿಯ ಆಮ್ಲಜನಕ − ಅಭಿಧಮನಿಯ ಆಮ್ಲಜನಕ). ಹರಿವು ತಗ್ಗಿದರೆ ಅಂಗಾಂಶಗಳು ಪ್ರತಿ ಲೀಟರಿನಿಂದ ಹೆಚ್ಚು ಹೀರಿಕೊಳ್ಳಲೇಬೇಕು.

ಲೆಕ್ಕಕ್ಕೆಂದು ಅಂಕಿ ಹಿಡಿಯೋಣ. ಹಿಮೋಗ್ಲೋಬಿನ್ ಲೀಟರಿಗೆ 150 ಗ್ರಾಂ, ಸ್ಯಾಚುರೇಶನ್ (ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹೊತ್ತಿರುವ ಪಾಲು) 98% ಇದ್ದರೆ ಒಂದು ಲೀಟರ್ ರಕ್ತದಲ್ಲಿ ಸುಮಾರು 197 ಮಿ.ಲೀ. ಆಮ್ಲಜನಕ. ಮಲಗಿದಾಗ ಹರಿವು ನಿಮಿಷಕ್ಕೆ 6 ಲೀ., ಪ್ರತಿ ಲೀಟರಿನಿಂದ ಹೀರಿಕೆ 42 ಮಿ.ಲೀ. ನಿಂತಾಗ ಹರಿವು 4.8 ಲೀ., ಹೀರಿಕೆ 52. ಮರಳುವ ರಕ್ತದಲ್ಲಿ ಇನ್ನೂ 145 ಉಳಿದಿರುತ್ತದೆ, ಚಿಂತೆಯಿಲ್ಲ. ಈಗ ಸ್ಯಾಚುರೇಶನ್ 80% ಮಾಡಿ. ಆರಂಭವೇ 161. ಹೈಪಾಕ್ಸಿಯಾದಲ್ಲಿ (ಆಮ್ಲಜನಕದ ಕೊರತೆಯಲ್ಲಿ) ಬಡಿತ ಹೆಚ್ಚುವುದರಿಂದ ನಿಂತಾಗಿನ ಹರಿವನ್ನು 5.5 ಲೀ. ಎಂದುಕೊಂಡರೂ ಹೀರಿಕೆ 45, ಉಳಿಯುವುದು 116. ಅಂದರೆ ಮರಳುವ ರಕ್ತದ ಸ್ಯಾಚುರೇಶನ್ 58%ಕ್ಕೆ ಬಂತು. ಬಳಕೆ ಬದಲಾಗಿಲ್ಲ, ಮೀಸಲು ಕರಗಿದೆ.

ಇದಕ್ಕಿಂತ ತೊಡಕಿನದು ರಕ್ತನಾಳಗಳ ಜಗ್ಗಾಟ. ನಿಂತಾಗ ಬ್ಯಾರೋರಿಫ್ಲೆಕ್ಸ್ (ರಕ್ತದೊತ್ತಡ ಇಳಿದಾಗ ಅದನ್ನು ಸರಿಪಡಿಸುವ ನರಗಳ ತಾನಾಗಿಯೇ ಆಗುವ ಪ್ರತಿಕ್ರಿಯೆ) ನಾಳಗಳನ್ನು ಬಿಗಿಗೊಳಿಸಲು ನೋಡುತ್ತದೆ. ಆಮ್ಲಜನಕದ ಕೊರತೆ ಸ್ನಾಯುಗಳ ನಾಳಗಳನ್ನು ಸಡಿಲಿಸುತ್ತದೆ. ಜೊತೆಗೆ ಉಸಿರಾಟ ಜೋರಾಗಿ ಇಂಗಾಲದ ಡೈಆಕ್ಸೈಡ್ ಇಳಿದರೆ ಮಿದುಳಿನ ನಾಳಗಳು ಕಿರಿದಾಗುತ್ತವೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ವಿಮಾನದಲ್ಲಿ ಇಳಿದವರಿಗೆ ಹಾಸಿಗೆಯಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲಿಡುವುದು ಹೀಗೆ.

ಅಳೆಯುವಾಗ: 10 ನಿಮಿಷ ಮಲಗಿಸಿ, ಬಡಿತ, ರಕ್ತದೊತ್ತಡ, ಸ್ಯಾಚುರೇಶನ್ ಬರೆದುಕೊಳ್ಳಿ. ನಿಲ್ಲಿಸಿ 1 ಮತ್ತು 3ನೇ ನಿಮಿಷಕ್ಕೆ ಮತ್ತೆ. ಮೊದಲ ಅರ್ಧ ನಿಮಿಷದ ಕುಸಿತ ಎಲ್ಲರಲ್ಲೂ ಇರುತ್ತದೆ, ಅದನ್ನು ಫಲಿತಾಂಶವೆಂದು ಹಿಡಿಯಬೇಡಿ. ಕಾಲು ಅಲ್ಲಾಡಿಸಿದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ತೋಳು ಹೃದಯದ ಮಟ್ಟದಲ್ಲೇ ಇರಲಿ: 10 ಸೆಂ.ಮೀ. ಕೆಳಗಿದ್ದರೆ ಒತ್ತಡ 7–8 ಮಿ.ಮೀ. ಹೆಚ್ಚು ತೋರಿಸಿ ನಿಜವಾದ ಕುಸಿತವನ್ನೇ ಮುಚ್ಚಿಹಾಕುತ್ತದೆ. ತಣ್ಣಗಾದ ಬೆರಳಿನ ಆಕ್ಸಿಮೀಟರ್ ಅಂಕಿಯನ್ನೂ ನಂಬಬೇಡಿ.

ಪರೀಕ್ಷೆ ಬರೆಯುವಾಗ ಹಲವರು ಎಡವುವುದು ಇಲ್ಲಿ. ತಲೆಸುತ್ತಿ ಬೀಳುವಂತಾದವರನ್ನು ಮಲಗಿಸಿ ಕಾಲು ಎತ್ತಬೇಕು. ಆದರೆ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಏದುಸಿರು ಬಿಡುವವರಿಗೆ ಇದು ತದ್ವಿರುದ್ಧ: ಮಲಗಿಸಿದರೆ ಎದೆಗೆ ಇನ್ನಷ್ಟು ರಕ್ತ ನುಗ್ಗುತ್ತದೆ. ಒರಗಿ ಕೂರಿಸಿ, ಆಮ್ಲಜನಕ ಕೊಟ್ಟು, ತಡಮಾಡದೆ ಕೆಳಗಿಳಿಸಬೇಕು.